ಕಾಗೆಯ ಹೊಟ್ಟೆಯ ಮೇಲಿನ ಹೆಬ್ಬೆಟ್ಟು

"ಅದು ತಿನ್ನೋದಕ್ಕಲ್ಲ," ಅಂದೆ.

ಅಷ್ಟರಲ್ಲಿ ದಫೇದಾರ್ ನಿವಾ ಎರಡು ಬೆರಳಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡಾಗಿತ್ತು. ತುರಿದ ಮೂಲಂಗಿ ಕಂಡರೆ ಸಾಕು, ನಮ್ಮ ಕನಜಾವಾ ಊರಿನ ಗಂಡಸರಿಗೆ ಪಕ್ಕದಲ್ಲೆಲ್ಲೋ ಸುಟ್ಟ ಮೀನು ಇದ್ದೇ ಇರಬೇಕು ಅನ್ನುವ ನಂಬಿಕೆ. ಅಗಿಯುತ್ತಲೇ ಒಲೆಯ ಕಡೆ ನೋಡಿದರು.

"ಮೀನೆಲ್ಲಿ?"

"ಮೀನಿಲ್ಲ. ಅದು ಲೋಹಕ್ಕೆ ಬಣ್ಣ ಕಟ್ಟೋ ಮೂಲಂಗಿ. ಈಗ ತಾನೇ ಅದರಲ್ಲಿ ಆರು ತಾಮ್ರದ ಗುಂಡಿ ಹೊರಳಾಡಿಸಿ ತೆಗೆದಿದ್ದೀನಿ."

ನಿವಾ ಸ್ವಲ್ಪ ಯೋಚಿಸಿ ನುಂಗಿದರು. "ಉಪ್ಪು ಕಮ್ಮಿ," ಅಂದರು.

ನನ್ನ ಗಂಡನಿಗೆ ಹಗ್ಗ ಕಟ್ಟಿ ಠಾಣೆಗೆ ಕರೆದುಕೊಂಡು ಹೋಗಲು ಬಂದಿದ್ದ ಮನುಷ್ಯ ಇವರು. ಸೊಂಟದಲ್ಲಿ ಸರ್ಕಾರ ಕೊಟ್ಟ ಕತ್ತಿ, ಜೇಬಿನಲ್ಲಿ ಸರ್ಕಾರ ಕೊಟ್ಟ ಹಗ್ಗ. ಮಧ್ಯಾಹ್ನದ ಗಂಟೆಯವರೆಗೆ ಕಾಯುತ್ತೇನೆ, ಅಷ್ಟರೊಳಗೆ ನಿಮ್ಮ ಕಡೆಯಿಂದ ಏನಾದರೂ ಹೇಳುವುದಿದ್ದರೆ ಹೇಳಿ ಅಂದಿದ್ದರು. ಕೆಟ್ಟ ಮನುಷ್ಯರಲ್ಲ. ಹಸಿವು ಜಾಸ್ತಿ, ಅಷ್ಟೇ.

ಹೇಳುವುದು ನನ್ನ ಹತ್ತಿರ ಬೇಕಾದಷ್ಟಿತ್ತು. ಅದಕ್ಕೇ ಎಲ್ಲರನ್ನೂ ನನ್ನ ಅಡುಗೆಮನೆಗೇ ಕರೆಸಿದ್ದೆ.

ಆಪಾದನೆ ಇಷ್ಟು: ಇಸೊಗಾಯಿ ಮನೆಯ ಕಾಗೆ ರಿಪೇರಿಗೆ ಬಂದಾಗ ನಮ್ಮ ಯಜಮಾನರು ಮೊಸುಕೆ ಅದನ್ನು ನುಂಗಿ ಹಾಕಿ, ಅದರ ಜಾಗದಲ್ಲಿ ತಾವೇ ಮಾಡಿದ ಇನ್ನೊಂದು ಕಾಗೆಯನ್ನು ಕೂರಿಸಿ ವಾಪಸು ಕಳಿಸಿದ್ದಾರೆ.

ಕಾಗೆ ಅಂದರೆ ಬೆರಳಿನ ಒಂದು ಗೆಣ್ಣಿನಷ್ಟು. ಚೂರು ಚಿನ್ನ ಬೆರೆಸಿದ ತಾಮ್ರದ್ದು, ಬಣ್ಣ ಕಟ್ಟಿದರೆ ಒದ್ದೆ ಗರಿಯ ನೀಲಿಗಪ್ಪು. ಮೊದಲು ಅದು ಇಸೊಗಾಯಿ ಯಜಮಾನರ ಕತ್ತಿಯ ಹಿಡಿಯಲ್ಲಿತ್ತು. ಕತ್ತಿ ಕಟ್ಟುವುದನ್ನು ಸರ್ಕಾರ ನಿಲ್ಲಿಸಿದ ಮೇಲೆ ಬೆಳ್ಳಿ ತಗಡಿನ ಮೇಲೆ ಕೂರಿಸಿ, ಪಕ್ಕದಲ್ಲಿ ಒಂದು ಚಿನ್ನದ ಹಣ್ಣು ಹಾಕಿ, ಹೊಗೆಸೊಪ್ಪಿನ ಚೀಲಕ್ಕೆ ಕೊಂಡಿ ಮಾಡಿಸಿಕೊಂಡರು. ಈ ಊರಿನ ಎಷ್ಟೋ ವೀರರ ಮನೆತನ ಹೀಗೆ ಸೊಂಟದಿಂದ ಹೊಗೆಸೊಪ್ಪಿಗೆ ಇಳಿದಿದೆ. ಅದರಿಂದ ಹೊಟ್ಟೆ ತುಂಬಿದ್ದು ನಮ್ಮಂಥ ಕುಸುರಿ ಕೆಲಸದವರದು, ಅದನ್ನು ನಾನು ಇಲ್ಲ ಅನ್ನುವುದಿಲ್ಲ.

ಯಜಮಾನರು ತೀರಿಕೊಂಡು ಹದಿನಾಲ್ಕು ವರ್ಷ. ಚೀಲ ಈಗ ಅವರ ಹೆಂಡತಿಯದು. ಇಸೊಗಾಯಿ ದೊಡ್ಡಮ್ಮ ಅಂದರೆ ಬೀದಿ ನಾಯಿಗಳೂ ಪಕ್ಕಕ್ಕೆ ಸರಿಯುತ್ತವೆ. ನನ್ನ ಅಡುಗೆಮನೆಯ ಒಂದೇ ಒಂದು ಒಳ್ಳೆಯ ಚಾಪೆಯ ಮೇಲೆ ನೆಟ್ಟಗೆ ಕೂತಿದ್ದರು. ಹಿಂದೆ ಸೊಸೆ ಮಿನೆ, ತಲೆ ತಗ್ಗಿಸಿಕೊಂಡು. ಮಗ ಟೋಕಿಯೋದಲ್ಲಿ ಓದುತ್ತಿದ್ದಾನೆ. ಸೊಸೆ ಮನೆಗೆ ಬಂದದ್ದು ಈ ಹೊಸವರ್ಷಕ್ಕೆ, ಇನ್ನೂ ಮೂರು ತಿಂಗಳಾಗಿಲ್ಲ.

ಬಾಗಿಲ ಹತ್ತಿರ ಹಳೆ ಸಾಮಾನಿನ ವ್ಯಾಪಾರಿ ಹಿಕೊಜಿ. ಕಾಗೆ ಹೊಸದು ಅಂತ ಮೊದಲು ಬಾಯಿ ಬಿಟ್ಟವನು ಇವನೇ. ಬೀಸಣಿಗೆ ಬೀಸಿಕೊಳ್ಳುತ್ತಿದ್ದ. ಹೊರಗೆ ಸೂರಿನಿಂದ ಕೊನೆಯ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು, ಇವನಿಗೆ ಸೆಕೆಯಂತೆ.

"ಮೊಸುಕೆ," ದೊಡ್ಡಮ್ಮ ಶುರುಮಾಡಿದರು, "ನಿನ್ನ ಅಪ್ಪ ನಮ್ಮ ಮನೆಯ ಕತ್ತಿಗಳಿಗೆ ಕೆಲಸ ಮಾಡಿದೋನು. ಆ ಮುಖ ನೋಡಿ ಕೇಳ್ತಾ ಇದ್ದೀನಿ. ನನ್ನ ಕಾಗೆ ಎಲ್ಲಿ?"

ನಮ್ಮವರು ಮೊಣಕಾಲು ಉಜ್ಜಿಕೊಂಡರು. ಮಾತಾಡುವ ಮುಂಚೆ ಮೊಣಕಾಲು ಉಜ್ಜಿಕೊಳ್ಳುವುದು ಇವರ ಅಭ್ಯಾಸ. ಸಾಮಾನ್ಯವಾಗಿ ಉಜ್ಜಿಕೊಂಡು ಅಲ್ಲಿಗೇ ಬಿಡುತ್ತಾರೆ.

"ಹೇಳ್ರೀ," ಅಂದೆ.

"ಬಂದಾಗಲೇ ಅದು ಹೊಸದು," ಅಂದರು.

ನನಗೆ ತಲೆ ಗಿರ್ರೆಂದಿತು. ಒಂದು ವಾರದಿಂದ ಈ ಮನುಷ್ಯನ ಪಕ್ಕದಲ್ಲಿ ಮಲಗಿ ಎದ್ದು ಊಟ ಬಡಿಸಿದ್ದೇನೆ. ಈ ಮೂರು ಶಬ್ದ ಇವತ್ತು ಪೊಲೀಸರ ಮುಂದೆ ಹೊರಗೆ ಬಂತು.

"ಬಂದಾಗಲೇ ಗೊತ್ತಾಯ್ತಾ ನಿಮಗೆ?"

"ಉಳಿ ಮುಟ್ಟಿಸಿದ ಕೂಡಲೇ ಗೊತ್ತಾಯ್ತು."

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ?"

"ಹಣ್ಣಿನ ಎಲೆ ಎದ್ದಿದೆ, ಕೂರಿಸಿಕೊಡು ಅಂದಿದ್ರು. ಕಾಗೆ ಹೇಗಿದೆ ಅಂತ ಕೇಳಿರಲಿಲ್ಲ."

ನಿವಾ ನನ್ನ ಮುಖ ನೋಡಿದರು. ಕೆಲಸದವರ ಮನೆಯಲ್ಲಿ ಹುಟ್ಟದವರಿಗೆ ಇದು ತಿಳಿಯುವುದಿಲ್ಲ. ರಿಪೇರಿಗೆ ಬಂದ ಸಾಮಾನಿನ ಬಗ್ಗೆ ಕೇಳದೇ ಒಂದು ಮಾತೂ ಆಡಬಾರದು. ಅಜ್ಜನ ಕಾಲದ ಚಿನ್ನ ಅಂತ ತಂದದ್ದು ಹಿತ್ತಾಳೆ ಆಗಿದ್ದರೂ ಹಿತ್ತಾಳೆಯನ್ನೇ ಚಿನ್ನದ ಹಾಗೆ ಒರೆಸಿ ಕೊಟ್ಟು ಕಳಿಸಬೇಕು. ನನ್ನ ಮಾವ ಮಗನಿಗೆ ಕಲಿಸಿದ ಪಾಠ ಇದು. ಮಾವ ಇನ್ನೂ ಇದ್ದಿದ್ದರೆ ಅವರ ಜೊತೆ ಎರಡು ಮಾತಾಡುವುದಿತ್ತು.

"ಅಂದ್ರೆ ಕಳ್ಳರು ನನ್ನ ಮನೆಯಲ್ಲೇ ಇದ್ದಾರೆ ಅಂತ ಇವನ ಮಾತು," ಅಂದರು ದೊಡ್ಡಮ್ಮ.

"ಮನೆಯಲ್ಲಿ ಅಲ್ಲ ದೊಡ್ಡಮ್ಮ," ಅಂದೆ. "ನಮ್ಮ ಮನೆ ಬಿಟ್ಟರೆ ಆ ಕೊಂಡಿ ಹೊಸಿಲು ದಾಟಿದ್ದು ಇನ್ನೊಂದೇ ಸಲ. ಕಳೆದ ಶರತ್ಕಾಲದಲ್ಲಿ, ಪೆಟ್ಟಿಗೆ ಮಾಡಿಸಿಕೊಡ್ತೀನಿ ಅಂತ ಹತ್ತು ದಿನ ಒಬ್ಬರ ಅಂಗಡಿಯಲ್ಲಿತ್ತು."

ಬೀಸಣಿಗೆ ನಿಂತಿತು.

"ತೊಸೆಯಮ್ಮ," ಅಂದ ಹಿಕೊಜಿ, ಬೆಣ್ಣೆಯಂಥ ದನಿಯಲ್ಲಿ, "ನಾನೇ ಬದಲಾಯಿಸಿದ್ರೆ, ಇದು ಹೊಸದು ಅಂತ ನಾನೇ ಯಾಕೆ ಹೇಳ್ತಿದ್ದೆ?"

"ಕೇಳೋ ಮುಂಚೆ ಕಳ್ಳ ಕಳ್ಳ ಅಂತ ಕೂಗಿದೋನ ಕಡೆ ಯಾರೂ ನೋಡಲ್ಲ. ದಫೇದಾರ್ರೇ, ಆ ಕೊಂಡಿ ಕೊಡಿ ಇಲ್ಲಿ."

ನಿವಾ ಕರವಸ್ತ್ರ ಬಿಚ್ಚಿ ಕೊಂಡಿಯನ್ನು ನನ್ನ ಅಂಗೈ ಮೇಲಿಟ್ಟರು. ಕರವಸ್ತ್ರದಲ್ಲಿ ಒಂದು ಅರ್ಧ ತಿಂದ ಅಕ್ಕಿ ಬಿಸ್ಕತ್ತೂ ಇತ್ತು. ಅದನ್ನು ಬೇಗ ಮುಚ್ಚಿಟ್ಟುಕೊಂಡರು.

ಕಿಟಕಿಯ ಬೆಳಕಿಗೆ ಹಿಡಿದೆ. ಚೆನ್ನಾಗಿಯೇ ಇತ್ತು, ಹಾಳಾದ್ದು. ಕೊಕ್ಕು ಸ್ವಲ್ಪ ದಪ್ಪ. ಬಣ್ಣ ಮಾತ್ರ ಬಹಳ ಚೆನ್ನಾಗಿತ್ತು. ಯಾರು ಕಟ್ಟಿದರೋ, ಕೈ ಪಳಗಿದವರೇ ಅಂದುಕೊಂಡೆ.

"ಏನ್ರೀ, ಈ ಕಾಗೆಯನ್ನ ತಗಡಿನಿಂದ ಬಿಚ್ಚಿ ಕೊಡಿ."

ದೊಡ್ಡಮ್ಮ ಬೇಡ ಅನ್ನುವುದರೊಳಗೆ ನಮ್ಮವರು ಎರಡು ಮೊಳೆ ಸಡಿಲಿಸಿ ಕಾಗೆಯನ್ನು ಎತ್ತಿಯಾಗಿತ್ತು. ಮಾತಿನಲ್ಲಿ ನಿಧಾನ, ಕೈ ಹಾಗಲ್ಲ. ಕಾಗೆಯನ್ನು ಮಗುಚಿ, ಹೊಟ್ಟೆಯ ಮೇಲೆ ಬಾಯಿಂದ ಹಾ ಅಂತ ಉಸಿರು ಬಿಟ್ಟೆ. ದೊಡ್ಡಮ್ಮ ಮುಖ ಆ ಕಡೆ ತಿರುಗಿಸಿಕೊಂಡರು.

ಉಸಿರಿನ ಮಂಜು ಆರುತ್ತಾ ಬಂತು. ನೀಲಿಗಪ್ಪಿನ ನಡುವೆ ಕೆಂಗಂದು ಬಣ್ಣದ ಒಂದು ಹೆಬ್ಬೆಟ್ಟಿನ ಗುರುತು ನಿಂತಿತ್ತು. ಸುರುಳಿ ಗೆರೆಗಳು, ನಡುವೆ ಸಾಲಾಗಿ ಮೂರು ಖಾಲಿ ಚುಕ್ಕೆ.

ನನಗೆ ಕುಣಿಯಬೇಕು ಅನ್ನಿಸಿತು.

"ಎಲ್ಲಾರೂ ಕೇಳಿ," ಅಂದೆ. "ಬಣ್ಣ ಕಟ್ಟೋ ಮುಂಚೆ ಸಾಮಾನಿಗೆ ಮೂಲಂಗಿ ರಸ ಹಚ್ತೀವಿ. ಹಚ್ಚಿದ ಮೇಲೆ ಅದು ಮಡಿಯಲ್ಲಿದ್ದ ಹಾಗೆ. ಕಿಲುಬು, ಮೈಲುತುತ್ತ ಹಾಕಿದ ಕುದಿನೀರಿಗೆ ಬೀಳೋತನಕ ಕೈ ತಾಗಕೂಡದು. ಬಿದಿರು ಕಡ್ಡಿಯಲ್ಲೇ ಎತ್ತಬೇಕು. ಬೆರಳು ತಾಗಿತೋ, ಬೆರಳಿನ ಜಿಡ್ಡು ಕೂತ ಜಾಗ ಕಪ್ಪಾಗಲ್ಲ. ಆ ಬೆರಳು ಅಲ್ಲೇ ಉಳೀತು. ತಿಕ್ಕಿದರೂ ಹೋಗಲ್ಲ, ಮೊಮ್ಮಕ್ಕಳ ಕಾಲಕ್ಕೂ ಹೋಗಲ್ಲ."

"ಓಹೋ," ಅಂದರು ನಿವಾ. ಮೂಲಂಗಿಯ ಬಟ್ಟಲನ್ನು ಈಗ ಸ್ವಲ್ಪ ಗೌರವದಿಂದ ನೋಡಿದರು.

"ಈ ಹೆಬ್ಬೆಟ್ಟು ಯಾರದೋ, ಈ ಕಾಗೆಗೆ ಬಣ್ಣ ಕಟ್ಟಿದೋರು ಅವರೇ. ಅವರು ಸಿಕ್ಕಿದ್ರೆ ಕಳ್ಳತನದ ಬುಡ ಸಿಕ್ಕ ಹಾಗೆ. ಯಾರೋ ಅವಸರದ ಅಡ್ಡಕಸಬಿ. ಈ ಒಲೆ ಮುಂದೆ ಮೂವತ್ತು ವರ್ಷದಿಂದ ಕೂತಿದ್ದೀನಿ, ಒಂದು ಸಲ, ಒಂದೇ ಒಂದು ಸಲ ನನ್ನ ಕೈ ತಾಗಿದ್ದಿಲ್ಲ. ಬೇಕಾದರೆ ಇಡೀ ಕೇರಿ ಕೇಳಿ."

"ಕೇರಿಯೆಲ್ಲಾ ದಿನಾ ಕೇಳ್ತಾನೇ ಇದೆ," ಅಂತ ಗೊಣಗಿದ ಹಿಕೊಜಿ.

"ಹಿಕೊಜಿಯವರೇ, ಹೆಬ್ಬೆಟ್ಟು ಕೊಡಿ."

"ನಾನ್ಯಾಕೆ ಕೊಡಲಿ?"

"ಕೊಡದೇ ಇರೋದಕ್ಕೆ ಕಾರಣ ಏನು?"

"ನಾನು ಮರ್ಯಾದಸ್ಥ. ಕಾಗದಕ್ಕೆ ಮೊಹರು ಒತ್ತೋನು. ಹೆಬ್ಬೆಟ್ಟು ಒತ್ತೋರು ಸಾಲಗಾರರು, ಕಳ್ಳರು."

"ಎರಡನೇದು ಹೌದೋ ಅಲ್ಲವೋ ಅಂತ ನೋಡೋಕೇ ಕೇಳ್ತಿರೋದು."

"ದಫೇದಾರ್ರೇ, ನೀವು ಸುಮ್ಮನೆ ಕೂತು ಕೇಳ್ತಿದ್ದೀರಲ್ಲ, ಈ ಹೆಂಗಸು ನನ್ನ ಮಾನ ಕಳೀತಿದ್ದಾಳೆ."

"ಹತ್ತು ದಿನ," ಅಂದೆ ನಾನು. "ಒಂದು ಪುಟ್ಟ ಪೆಟ್ಟಿಗೆಗೆ ಹತ್ತು ದಿನ. ಶವಪೆಟ್ಟಿಗೆಯನ್ನ ಒಂದು ಮಧ್ಯಾಹ್ನದಲ್ಲಿ ಮಾಡ್ತಾರೆ. ಆ ಹತ್ತು ದಿನದಲ್ಲಿ ಕಾಗೆ ಎಲ್ಲೆಲ್ಲಿ ಹಾರಿತ್ತು? ಯೊಕೊಹಾಮಾ ಬಂದರಿನ ಯಾವ ಪರದೇಶದವನ ಕೈಗೆ ಹೋಯ್ತು?"

ಹಿಕೊಜಿಯ ಕತ್ತು ಕೆಂಪಾಯಿತು. "ಮರ ಒಣಗಬೇಕಿತ್ತು," ಅಂದ.

"ಮರ ಒಣಗಿತು, ಈಗ ನಿಮ್ಮ ಬಾಯಿ ಒಣಗ್ತಿದೆ. ಕೊಡಿ ಹೆಬ್ಬೆಟ್ಟು."

ನಿವಾ ಜೇಬಿನಿಂದ ಕೆಂಪು ಮಸಿಯ ಡಬ್ಬಿ ತೆಗೆದು ನೆಲದ ಮೇಲಿಟ್ಟರು, ಪಕ್ಕದಲ್ಲಿ ಒಂದು ಕಾಗದ. ಕತ್ತಿಯನ್ನು ಈ ಮೊಣಕಾಲಿನಿಂದ ಆ ಮೊಣಕಾಲಿಗೆ ಬದಲಾಯಿಸಿಕೊಂಡರು. ಹಿಕೊಜಿ ಒತ್ತಿದ. ಮಗುವಿನ ಕೆನ್ನೆಯಂಥ ಗುಂಡು ಹೆಬ್ಬೆಟ್ಟು. ಒಂದು ಗೀರೂ ಇಲ್ಲ, ಒಂದು ಚುಕ್ಕೆಯೂ ಇಲ್ಲ.

ಕಾಗೆಯ ಪಕ್ಕ ಹಿಡಿದು ನೋಡಿದೆ. ತಿರುಗಿಸಿ ನೋಡಿದೆ. ಎಷ್ಟು ತಿರುಗಿಸಿದರೂ ಅದು ಅವನದಲ್ಲ.

"ಇನ್ನೊಂದು ಕೈ?" ಅಂದೆ.

ಇನ್ನೊಂದನ್ನೂ ಒತ್ತಿದ. ಅದೂ ಅಲ್ಲ. ಬೀಸಣಿಗೆ ಮತ್ತೆ ಶುರುವಾಯಿತು.

"ನಾನೂ ಒತ್ತುತೀನಿ," ಅಂದರು ದೊಡ್ಡಮ್ಮ. "ಇಸೊಗಾಯಿ ಮನೆಯವರಿಗೆ ಮುಚ್ಚಿಡೋದು ಏನೂ ಇಲ್ಲ." ಒತ್ತಿದರು. ಸೊಸೆಗೂ ಕಣ್ಣು ಮಾಡಿದರು. ಮಿನೆ ಒಂದು ಕೈಯಿಂದ ಇನ್ನೊಂದು ಕೈಯ ಉಡುಪಿನ ತೋಳನ್ನು ಹಿಡಿದುಕೊಂಡು, ಮಸಿಗೆ ಬೆರಳು ಅದ್ದಿ, ಮೆಲ್ಲಗೆ ಒತ್ತಿದಳು. ಇಬ್ಬರದೂ ಅಲ್ಲ. ನಮ್ಮವರದು ನೋಡುವುದೇ ಬೇಡ, ಹೆಬ್ಬೆಟ್ಟಿನ ಮೇಲೆ ಗೆರೆ ಅನ್ನುವುದೇ ಇಲ್ಲ, ಬೆಸುಗೆಯ ಬೆಂಕಿ ಎಲ್ಲಾ ತಿಂದುಹಾಕಿದೆ. ಆದರೂ ಒತ್ತಿಸಿದೆ. ಕಾಗದದ ಮೇಲೆ ಒಂದು ಕೆಂಪು ಕಲೆ ಬಿತ್ತು.

ನಿವಾ ಉತ್ಸಾಹದಲ್ಲಿ ತಮ್ಮದನ್ನೂ ಒತ್ತಿ ನೋಡಿಕೊಂಡರು.

"ಉಳಿದೋರು ನೀವೊಬ್ಬರೇ ತೊಸೆಯಮ್ಮ," ಅಂದರು.

"ಒತ್ತಿದರಾಯ್ತು, ನನಗೇನು," ಅಂತ ಒತ್ತಿದೆ. ಹೆಬ್ಬೆಟ್ಟನ್ನು ಸೊಂಟದ ಬಟ್ಟೆಗೆ ಒರೆಸಿಕೊಳ್ಳುತ್ತಾ ಹಿಕೊಜಿಯ ಕಡೆ ತಿರುಗಿ, ಅವನ ಅಂಗಡಿಯ ಆಳುಗಳ ಹೆಸರು ಒಂದೊಂದಾಗಿ ಕೇಳಲು ಶುರುಮಾಡಿದೆ. ಎರಡನೇ ಹೆಸರಿಗೆ ಬರುವಷ್ಟರಲ್ಲಿ ಯಾರೂ ನನ್ನ ಮಾತು ಕೇಳುತ್ತಿಲ್ಲ ಅಂತ ತಿಳಿಯಿತು.

ಎಲ್ಲರೂ ಕಾಗದ ನೋಡುತ್ತಿದ್ದರು.

ಸುರುಳಿ ಗೆರೆಗಳು. ನಡುವೆ ಸಾಲಾಗಿ ಮೂರು ಖಾಲಿ ಚುಕ್ಕೆ.

ನನ್ನ ಹೆಬ್ಬೆಟ್ಟನ್ನು ನಾನು ಯಾವತ್ತೂ ನೋಡಿಕೊಂಡವಳಲ್ಲ. ಈಗ ನೋಡಿದೆ. ತುರಿಯುವ ಮಣೆಯ ಹಲ್ಲು ಮೂವತ್ತು ವರ್ಷ ಒಂದೇ ಜಾಗಕ್ಕೆ ಕಚ್ಚಿ ಕಚ್ಚಿ, ಮೂರು ಪುಟ್ಟ ಗುಳಿ ಬಿದ್ದಿದ್ದವು.

"ಗಂಡ ಕೆತ್ತಿದ, ಹೆಂಡತಿ ಬಣ್ಣ ಕಟ್ಟಿದಳು," ಅಂದರು ದೊಡ್ಡಮ್ಮ. "ಎಷ್ಟು ಹೊಂದಾಣಿಕೆಯ ಸಂಸಾರ."

ಹಿಕೊಜಿ ಬೀಸಣಿಗೆಯ ಹಿಂದೆ ನಗುತ್ತಿದ್ದ. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು.

ಭೂಮಿ ಅಂದುಕೊಂಡ ಕೂಡಲೇ ನೆನಪಾಯಿತು.

ಕಳೆದ ಶರತ್ಕಾಲದಲ್ಲಿ ಭೂಮಿ ನಡುಗಿದ ಬೆಳಿಗ್ಗೆ. ಊರಿಗೆಲ್ಲಾ ಕಾಗೆಯ ಹುಚ್ಚು ಹಿಡಿದಿದ್ದ ವರ್ಷ ಅದು. ಬೇರೆ ಕೆಲಸದವರೂ ಬಣ್ಣಕ್ಕೆ ನನ್ನ ಹತ್ತಿರವೇ ಕಳಿಸುತ್ತಿದ್ದರು, ಆ ಒಂದೇ ಶರತ್ಕಾಲಕ್ಕೆ ಮೂವತ್ತು ಕಾಗೆ ಕುದಿಸಿದ್ದೇನೆ. ಆ ಬೆಳಿಗ್ಗೆ ಒಬ್ಬ ಹುಡುಗಿ ಬಂದಿದ್ದಳು. ತಲೆಗೆ ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಬರೀ ಕಣ್ಣು ಕಾಣುತ್ತಿತ್ತು. ಈ ಕಾಗೆ ತಕಾವೊಕಾ ಊರಲ್ಲಿ ನಮ್ಮಪ್ಪ ಮಾಡಿದ್ದು, ಬಣ್ಣ ಮಾತ್ರ ನಿಮ್ಮ ಕೈಯದೇ ಆಗಬೇಕಂತೆ ಅಂದಳು. ಹೊಗಳಿದರೆ ನಾನು ಯಾರಿಗೂ ಇಲ್ಲ ಅನ್ನುವುದಿಲ್ಲ.

ಮೂಲಂಗಿಯಲ್ಲಿ ಕಾಗೆ ಹೊರಳುತ್ತಿತ್ತು, ಮನೆ ಅಲ್ಲಾಡಿತು. ಪಾತ್ರೆ ಒಲೆಯಿಂದ ವಾಲಿತು. ನನ್ನ ಮಾವನ ಕಾಲದಿಂದ ಒಂದು ಸಲವೂ ಬರಿದು ಮಾಡದೆ ತುಂಬುತ್ತಾ ಬಂದ ಬಣ್ಣದ ನೀರು ಅದು, ಚೆಲ್ಲಿದರೆ ನಮ್ಮ ಅನ್ನವೇ ಚೆಲ್ಲಿದ ಹಾಗೆ. ಆ ಹುಡುಗಿ ಬರಿಗೈಯಲ್ಲಿ ಪಾತ್ರೆಯನ್ನು ಹಿಡಿದು ನಿಲ್ಲಿಸಿದಳು. ಮಣಿಕಟ್ಟಿನ ಮೇಲೆ ಕುದಿನೀರು ತುಳುಕಿದರೂ ಬಿಡಲಿಲ್ಲ. ಮೂಲಂಗಿಯ ಬಟ್ಟಲು ಉರುಳಿ ಕಾಗೆ ನೆಲಕ್ಕೆ ಬೀಳುವುದರಲ್ಲಿತ್ತು. ಕಡ್ಡಿ ಹುಡುಕಲು ಹೊತ್ತಿರಲಿಲ್ಲ. ಎರಡು ಬೆರಳಲ್ಲಿ ಹಿಡಿದು ಪಾತ್ರೆಗೆ ಹಾಕಿಬಿಟ್ಟೆ.

ಅದನ್ನು ಯಾರಿಗೂ ಹೇಳಲಿಲ್ಲ. ನನಗೆ ನಾನೂ ಹೇಳಿಕೊಂಡಿರಲಿಲ್ಲ.

"ಯಾರೋ ತಂದುಕೊಟ್ಟರು," ಅಂದೆ. "ಬಣ್ಣಕ್ಕೆ ಮಾತ್ರ."

"ಯಾರು?" ನಿವಾ ಕೇಳಿದರು.

ಮಿನೆ ನನ್ನನ್ನು ನೋಡುತ್ತಿದ್ದಳು. ಆ ಕಣ್ಣು. ಬೆರಳಿನ ಮಸಿ ಒರೆಸಿಕೊಳ್ಳುವಾಗ ಉಡುಪಿನ ತೋಳು ಒಂದಿಷ್ಟು ಮೇಲೆ ಸರಿದಿತ್ತು. ಮಣಿಕಟ್ಟಿನ ಸುತ್ತ ನಾಲ್ಕು ಬೆರಳಗಲ ಸುಟ್ಟ ಕಲೆ. ಮೆಲ್ಲಗೆ ತೋಳನ್ನು ಕೆಳಗೆಳೆದುಕೊಂಡಳು. ತಕಾವೊಕಾದ ಲೋಹದ ಕೆಲಸದವನ ಮಗಳನ್ನು ದೊಡ್ಡಮನೆಗೆ ತಂದುಕೊಂಡಿದ್ದಾರೆ ಅಂತ ಹೊಸವರ್ಷಕ್ಕೆ ಕೇರಿಯೆಲ್ಲಾ ಆಡಿಕೊಂಡಿದ್ದು ನನಗೆ ಈಗ ತಲೆಗೆ ಹೋಯಿತು.

ಹೆಸರು ಹೇಳಿದರೆ ನಮ್ಮವರು ಸಂಜೆ ಮನೆಯ ಊಟ ಮಾಡುತ್ತಾರೆ. ಆ ಹುಡುಗಿ ಸಂಜೆಗೆ ಹಗ್ಗದಲ್ಲಿರುತ್ತಾಳೆ. ಹೇಳದಿದ್ದರೆ ಹಗ್ಗ ನಮ್ಮವರ ಕೈಗೆ. ಒಂದು ಸಲ ಹಗ್ಗ ಬಿದ್ದ ಕೈಗೆ ಈ ಊರಿನಲ್ಲಿ ಮತ್ತೆ ಯಾರೂ ಚಿನ್ನ ಕೊಡುವುದಿಲ್ಲ. ಏನೇ ಆದರೂ ಗಂಡ ನನ್ನವನು. ಬಾಯಿ ತೆರೆದೆ.

"ನಾನೇ ಮಾಡಿದ್ದು," ಅಂದರು ನಮ್ಮವರು.

ಮೊಣಕಾಲು ಉಜ್ಜಿಕೊಳ್ಳಲೇ ಇಲ್ಲ.

"ಈಗ ತಾನೇ ಬಂದಾಗಲೇ ಹೊಸದಾಗಿತ್ತು ಅಂದ್ರಲ್ಲ?" ನಿವಾ ಕೇಳಿದರು.

"ಆಗ ಸುಳ್ಳು ಹೇಳ್ದೆ."

"ಈಗ?"

"ಈಗ ನಿಜ. ಇವಳಿಗೇನೂ ಗೊತ್ತಿಲ್ಲ. ಹತ್ತರ ಜೊತೆ ಹನ್ನೊಂದು ಅಂತ ನಾನೇ ಪಾತ್ರೆಗೆ ಸೇರಿಸಿಟ್ಟೆ." ಎರಡೂ ಕಿವಿ ಬೆಂದ ಸೀಗಡಿಯ ಬಣ್ಣಕ್ಕೆ ತಿರುಗಿದ್ದವು. ಮೂವತ್ತು ವರ್ಷದಲ್ಲಿ ಇವರು ಹೇಳಿದ ಮೊದಲ ಸುಳ್ಳು, ಅದೂ ನೆಟ್ಟಗೆ ಹೇಳಲು ಬರಲಿಲ್ಲ. ಪೆದ್ದ. ನನ್ನ ಪೆದ್ದ. ನನ್ನ ಕಣ್ಣಲ್ಲಿ ನೀರು ಬಂತು.

ನಿವಾ ನಿಟ್ಟುಸಿರು ಬಿಟ್ಟರು. ಅವರಿಗೂ ಸುಳ್ಳು ಅಂತ ಗೊತ್ತಾಗಿತ್ತು. ಆದರೆ ನಾಲ್ಕು ಜನರ ಮುಂದೆ ಬಾಯಿಂದ ಬಿದ್ದ ಮಾತನ್ನು ಮತ್ತೆ ಬಾಯೊಳಗೆ ತುರುಕಲು ಯಾವ ದಫೇದಾರನಿಗೂ ಆಗುವುದಿಲ್ಲ. ಹಗ್ಗ ತೆಗೆದರು. ಆದಷ್ಟು ಸಡಿಲವಾಗಿ ಕಟ್ಟಿದರು. ಕಟ್ಟು ಬಿಚ್ಚಿಕೊಂಡಿತು, ನಮ್ಮವರೇ ಗಂಟು ಹಾಕಲು ಸಹಾಯ ಮಾಡಿದರು.

"ಏ ಇವಳೇ," ಅಂದರು ಹೊಸಿಲ ಹತ್ತಿರ ನಿಂತು, "ಒಲೆ ನೋಡು. ನೀರು ಬತ್ತುತ್ತೆ."

ಹಿಕೊಜಿ ಮೊದಲೇ ಜಾರಿಕೊಂಡಿದ್ದ. ದೊಡ್ಡಮ್ಮ ಎದ್ದು, ಚಾಪೆಯ ಧೂಳು ಕೊಡವಿಕೊಂಡು ಹೊರಟರು. ನಾನು ಎಲ್ಲಿ ನಿಂತಿದ್ದೆನೋ ಅಲ್ಲೇ ನಿಂತಿದ್ದೆ. ಮಿನೆಯೇ ಒಲೆಯ ಮುಂದೆ ಬಗ್ಗಿ, ಉರಿಯುವ ಕೊಳ್ಳಿಯನ್ನು ಹಿಂದಕ್ಕೆಳೆದಳು. ತಲೆ ಎತ್ತದೆ, ಬೂದಿಗೆ ಹೇಳುವ ಹಾಗೆ ಹೇಳಿದಳು.

"ನನ್ನ ಹೆಸರು ಹೇಳಬೇಡಿ ಅಂತ ಕೇಳ್ತಿಲ್ಲ ತೊಸೆಯಮ್ಮ. ಇವತ್ತು ಹೇಳಬೇಡಿ. ಹೇಳಿದ್ರೆ ನಿಜವಾದ ಕಾಗೆ ರಾತ್ರಿಯೊಳಗೆ ಕರಗೋಕೆ ಮೂಸೆಗೆ ಬೀಳುತ್ತೆ, ನಿಮ್ಮವರನ್ನ ಬಿಡಿಸೋಕೆ ಸಾಕ್ಷೀನೇ ಇರಲ್ಲ."

"ಎಲ್ಲಿದೆ ಅದು?"

"ಅತ್ತೆಯವರ ನಡುಪಟ್ಟಿಯೊಳಗೆ. ಬೆಳಿಗ್ಗೆ ಪಟ್ಟಿ ಕಟ್ಟಿದ್ದು ನಾನೇ."

ಅಷ್ಟು ಹೇಳಿ ಅತ್ತೆಯ ಹಿಂದೆ ಓಡಿದಳು.

ಬಾಗಿಲಿಗೆ ಬಂದು ನೋಡಿದೆ. ಕರಗಿದ ಹಿಮದ ರಾಡಿಯಲ್ಲಿ ದೊಡ್ಡಮ್ಮ, ಮಿನೆ ಮುಂದೆ, ಹಗ್ಗದಲ್ಲಿ ನಮ್ಮವರು ನಡುವೆ, ಹಗ್ಗದ ತುದಿ ಹಿಡಿದು ನಿವಾ ಹಿಂದೆ. ದೊಡ್ಡಮ್ಮ ನಡೆಯುತ್ತಲೇ ಹೊಟ್ಟೆಯ ಮೇಲೆ ನಡುಪಟ್ಟಿಯನ್ನು ಎರಡು ಸಲ ಮೆಲ್ಲಗೆ ತಟ್ಟಿಕೊಂಡರು.

ಇಸೊಗಾಯಿ ದೊಡ್ಡಮ್ಮನ ನಡುಪಟ್ಟಿ ಬಿಚ್ಚಿಸುವ ಪೊಲೀಸು ಈ ಪ್ರಾಂತ್ಯದಲ್ಲಿ ಇನ್ನೂ ಹುಟ್ಟಿರಲಿಲ್ಲ. ಬಿಚ್ಚುವುದಾದರೆ ನಾನೇ ಬಿಚ್ಚಬೇಕಿತ್ತು, ಅದೂ ಇವತ್ತೇ. ಕೈಯ ಮೂಲಂಗಿಯನ್ನು ಸೊಂಟದ ಬಟ್ಟೆಗೆ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಅವರ ಹಿಂದೆ ಹೊರಟೆ.